ಕೊಡೆಪ್ಪನ ಗಡಿ

ಇತಿಹಾಸಕ್ಕೆ ಗಿರಾಕಿ ಇಲ್ಲ ಎಂದು ಸುಬ್ಬಲಕ್ಷ್ಮಿಯ ಅಪ್ಪ ಮೊದಲೇ ಎಚ್ಚರಿಸಿದ್ದರು. ಯಲ್ಲಾಪುರದ ಪೇಟೆಯಲ್ಲಿ ಕಿರಾಣಿ ಅಂಗಡಿ ನಡೆಸಿದವರು ಅವರು. ವರ್ಷ ಹಳೆಯದಾದ ಹೆಸರುಕಾಳನ್ನು ದಾಟಿಸುವುದೇ ಎಷ್ಟು ಕಷ್ಟ ಎಂದು ಬಲ್ಲವರು. ಮಗಳು ಸಾವಿರ ವರ್ಷ ಹಳೆಯ ಮಾಲನ್ನು ನೆಚ್ಚಿ ಬದುಕುತ್ತೇನೆ ಎಂದಾಗ ಅವರು ತಕ್ಕಡಿ ಕೆಳಗಿಟ್ಟು ಅವಳ ಮುಖವನ್ನೇ ನೋಡಿದರಂತೆ. ಆದರೂ ಓದಿಸಿದರು. ಶಿರಸಿಯಲ್ಲಿ ಬಿ.ಎ., ಧಾರವಾಡದಲ್ಲಿ ಬಿ.ಎಡ್. ಮುಗಿದು, ಸಿದ್ದಾಪುರ ಕಡೆಯ ವೆಂಕಟ್ರಮಣನ ಜೊತೆ ಮದುವೆಯಾಗಿ, ಅವನು ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಕೆಲಸಕ್ಕಿದ್ದುದರಿಂದ ಅಲ್ಲೇ ಮನೆ ಮಾಡಿ, ಸುಬ್ಬಲಕ್ಷ್ಮಿ ೧೯೯೩ರಲ್ಲಿ ಹೊಂಡದಕೊಪ್ಪದ ಹೈಸ್ಕೂಲಿಗೆ ಇತಿಹಾಸದ ಅಕ್ಕೋರಾಗಿ ಸೇರಿದಳು.

ಹೊಂಡದಕೊಪ್ಪ ಎಂದರೆ ಬನವಾಸಿ ರಸ್ತೆಯಲ್ಲಿ ದಾಸನಕೊಪ್ಪದಿಂದ ಒಳಗೆ ತಿರುಗಿದರೆ ಸಿಗುವ ಊರು. ಶಿರಸಿಯ ಬಸ್ಸು ಅಲ್ಲಿಗೆ ಬರುವಷ್ಟರಲ್ಲಿ ತೋಟಗಳು ಹಿಂದೆ ಸರಿದು ಭತ್ತದ ಗದ್ದೆ, ಮೆಕ್ಕೆಜೋಳದ ಹೊಲ ಶುರುವಾಗುತ್ತವೆ; ‘ಎಂತ ಮಾರಾಯ್ತಿ’ ಎನ್ನುತ್ತಿದ್ದ ಬಸ್ಸು ‘ಏನ್ರಿ ಯಕ್ಕಾ’ ಎನ್ನಲು ಶುರುಮಾಡುತ್ತದೆ. ಮೊದಲ ವರ್ಷ ಮಕ್ಕಳ ಮಾತು ಅಕ್ಕೋರಿಗೆ, ಅಕ್ಕೋರ ಮಾತು ಮಕ್ಕಳಿಗೆ ಅರೆಬರೆ ತಿಳಿಯಿತು. ಎರಡನೆಯ ವರ್ಷ ಅಕ್ಕೋರೂ ‘ಬರ್ರಿ, ಕುಂದರ್ರಿ’ ಎನ್ನಲು ಕಲಿತರು. ಗಿರಾಕಿಯ ಭಾಷೆಯಲ್ಲಿ ಮಾತಾಡದವನ ಅಂಗಡಿ ನಡೆಯುವುದಿಲ್ಲ ಎಂಬುದು ಅವರಿಗೆ ಹುಟ್ಟಿನಿಂದಲೇ ಗೊತ್ತಿತ್ತು.

ಪಾಠವೆಲ್ಲ ಸರಾಗವಾಗಿ ಸಾಗುತ್ತಿತ್ತು, ಒಂದನ್ನು ಬಿಟ್ಟು. ಅದು ಧರ್ಮದ್ದು. ಪುಸ್ತಕದಲ್ಲಿ ಯಾವ ಅರಸನ ಪಾಠ ತೆಗೆದರೂ ಕೊನೆಯಲ್ಲಿ ‘ಇವನು ಪರಧರ್ಮ ಸಹಿಷ್ಣುವಾಗಿದ್ದನು, ಗುಡಿ ಬಸದಿಗಳಿಗೆ ದತ್ತಿ ಕೊಟ್ಟನು’ ಎಂಬ ಸಾಲು ಬಂದೇ ಬರುತ್ತಿತ್ತು. ಮಕ್ಕಳು ಆ ಸಾಲನ್ನು ಒಂದೇ ಅಚ್ಚಿನಿಂದ ತೆಗೆದ ಬೆಲ್ಲದಂತೆ ಕದಂಬರಿಗೂ ಕೊಡುತ್ತಿದ್ದರು, ಚಾಲುಕ್ಯರಿಗೂ ಕೊಡುತ್ತಿದ್ದರು. ಒಬ್ಬ ಹುಡುಗನಂತೂ ಹಿಟ್ಲರನಿಗೂ ಕೊಟ್ಟಿದ್ದ. ಹೆಡ್‌ಮಾಸ್ತರರಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ಆಗ ಪೇಪರು ತೆಗೆದರೂ ಧರ್ಮ, ಬಸ್ಸು ಹತ್ತಿದರೂ ಧರ್ಮ. ಊರೂರಲ್ಲಿ ಜನ ಅದನ್ನೇ ಮಾತಾಡಿ ಗಂಟಲು ಹರಿದುಕೊಳ್ಳುತ್ತಿದ್ದ ಕಾಲ. ಆ ಪಾಠವನ್ನು ಬಾಗಿಲಲ್ಲಿ ನಿಂತೇ ಮುಗಿಸಿಬಿಡಿ, ಒಳಗೆ ಹೋಗಿ ಕೂರಬೇಡಿ ಎಂದು ಅವರು ಸುಬ್ಬಲಕ್ಷ್ಮಿಗೆ ಬುದ್ಧಿ ಹೇಳಿದ್ದರು.

ಅಕ್ಕೋರು ಒಳಗೆ ಹೋದರು, ಕೂತೂ ಬಿಟ್ಟರು. ೧೯೯೭ರ ಹತ್ತನೆಯ ತರಗತಿಯಲ್ಲಿ ಅವರು ಬನವಾಸಿಯಿಂದಲೇ ಶುರುಮಾಡಿದರು. ವೇದ ಕಲಿಯಲು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಅವಮಾನ ತಿಂದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ ಕಥೆ ಹೇಳಿ, ವೇದ ಓದಲು ಹೋದವನಿಂದ ರಾಜ್ಯ ಹೇಗೆ ಹುಟ್ಟಿತು, ಯೋಚಿಸಿ ಎಂದರು. ಮರುದಿನ ಮನೆಗೆ ಕೊಟ್ಟ ಪಾಠ ಬರೆಯದೆ ಬಂದದ್ದಕ್ಕೆ ಅವರೇ ಹೊರಗೆ ನಿಲ್ಲಿಸಿದ ಸಂಜಯ ಎಂಬ ಹುಡುಗ, ಕಿಟಕಿಯ ಸರಳು ಹಿಡಿದು, ತನಗೂ ಈಗ ಅವಮಾನವಾಗಿದೆ, ಸಂಜೆಯೊಳಗೆ ಒಂದು ರಾಜ್ಯ ಕಟ್ಟುತ್ತೇನೆ, ಸೇನಾಪತಿ ಆಗುವವರು ಕೈ ಎತ್ತಿ ಎಂದು ಹಿಂದಿನ ಬೆಂಚಿಗೆ ಕೂಗಿದ. ಅರ್ಧ ತರಗತಿ ಕೈ ಎತ್ತಿತು. ಅಕ್ಕೋರಿಗೆ ಸಿಟ್ಟಿಗಿಂತ ಸಂತೋಷವೇ ಆಯಿತು. ಮಾಲು ನೋಡಲಾದರೂ ಗಿರಾಕಿ ಬಂದ ಹಾಗಾಯಿತಲ್ಲ!

ಅಂದಿನಿಂದ ಅವರು ಪುಸ್ತಕದ ಸಾಲನ್ನು ತಿರುಗಿಸಿ ಕೇಳತೊಡಗಿದರು. ಅರಸನಿಗೆ ದೇವರ ಮೇಲೆ ಭಕ್ತಿ ಇತ್ತು, ಸರಿ. ಭಕ್ತಿ ಇದ್ದವನು ಕೈಮುಗಿದರೆ ಸಾಕಲ್ಲ, ಹೊಲ ಯಾಕೆ ಕೊಟ್ಟ? ರೈತರ ಮಕ್ಕಳಿಗೆ ಭಕ್ತಿಯ ಪ್ರಶ್ನೆಗಿಂತ ಹೊಲದ ಪ್ರಶ್ನೆ ಬೇಗ ಹತ್ತಿತು. ಕಾಡು ಕಡಿದು ಗದ್ದೆ ಮಾಡಲಿಕ್ಕೆ ಎಂದ ಒಬ್ಬ. ಕೆರೆ ಕಟ್ಟಲಿಕ್ಕೆ ಎಂದಳು ಗುಡ್ನಾಪುರದಿಂದ ಬರುತ್ತಿದ್ದ ಹುಡುಗಿ. ಅವಳ ಊರಲ್ಲಿ ಕೆರೆಯೇ ದೊಡ್ಡದು, ಕದಂಬರು ಚಿಕ್ಕವರು. ಹಾಗೆ ಕೊಟ್ಟ ನೆಲಕ್ಕೆ ಗುರುತು ಬೇಡವೆ ಎಂದು ಅಕ್ಕೋರು ಬೋರ್ಡಿನ ಮೇಲೆ ಮೂರು ಕಲ್ಲು ಬರೆದರು. ಶಿವನ ಗುಡಿಗೆ ಬಿಟ್ಟ ನೆಲವಾದರೆ ಗಡಿಕಲ್ಲಿನ ಮೇಲೆ ಲಿಂಗ. ಜೈನ ಬಸದಿಗೆ ಬಿಟ್ಟದ್ದಾದರೆ ಒಂದರ ಮೇಲೊಂದು ಮೂರು ಕೊಡೆ. ವಿಷ್ಣುವಿನ ಗುಡಿಗೋ ಬ್ರಾಹ್ಮಣರಿಗೋ ಬಿಟ್ಟದ್ದಾದರೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಮಂಡಲ ಹಿಡಿದ ಗಿಡ್ಡ ವಾಮನ.

ಆಗಲೇ ಮುಂದಿನ ಬೆಂಚಿನ ತನುಜಾ ಎದ್ದು ನಿಂತದ್ದು. “ಅಕ್ಕೋರ, ಆ ಗಿಡ್ಡಪ್ಪ ನಮ್ಮ ಹೊಲದಾಗ ಅದಾನ್ರಿ.”

ತನುಜಾ ಬೈರನ ಮಗಳು. ಮಾತು ಕಡಿಮೆ, ಕಿವಿ ದೊಡ್ಡದು, ಕೇಳಿದ್ದನ್ನು ಮರೆಯದವಳು. ಆ ಮನೆಯಲ್ಲಿ ಹತ್ತನೆಯ ತರಗತಿಗೆ ಕಾಲಿಟ್ಟ ಮೊದಲಿಗಳು ಅವಳೇ. ಅವಳ ಅಜ್ಜಿ ದ್ಯಾವಮ್ಮ ಹೊಂಡದಕೊಪ್ಪದಲ್ಲಿ ಗಣ್ಯಳು. ಕಾರಣ, ಕೊಡೆಪ್ಪ ಅವಳ ಹೊಲದಲ್ಲಿದ್ದ.

ಕೊಡೆಪ್ಪ ಎಂದರೆ ಮೊಣಕಾಲೆತ್ತರದ ಕಲ್ಲು. ಎಣ್ಣೆ, ಕುಂಕುಮ, ಸುಣ್ಣ ಮೆತ್ತಿ ಮೆತ್ತಿ ಮೂಗು ಎಲ್ಲಿ ಬಾಯಿ ಎಲ್ಲಿ ಎಂದು ತಿಳಿಯದ ದೇವರು. ಕೈಯಲ್ಲಿ ಕೊಡೆ ಇರುವುದು ಮಾತ್ರ ಕಾಣುತ್ತಿತ್ತು. ಕೊಡೆ ಹಿಡಿದವನಿಗೆ ಮಳೆಯ ಖಾತೆಯಲ್ಲದೆ ಇನ್ನೇನು ಕೊಡುತ್ತಾರೆ? ಕಾರ್ತೀಕದಲ್ಲಿ ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಊರಿನವರು ಅವನಿಗೆ ‘ಕೊಡೆ ಮಡಚುವ ಹಬ್ಬ’ ಮಾಡುತ್ತಿದ್ದರು. ಪ್ರತಿ ಮನೆಯಿಂದ ಒಂದು ಕೊಡೆ ತಂದು, ಅವನೆದುರು ಬಿಚ್ಚಿ, ಮಡಚಿ, ಮನೆಗೆ ಒಯ್ದು ಗೂಟಕ್ಕೆ ಹಾಕಬೇಕು. ಅದಕ್ಕೆ ಮೊದಲೇ ಮನೆಯಲ್ಲಿ ಕೊಡೆ ಮಡಚಿ ಎತ್ತಿಟ್ಟವನ ಕಣದ ಮೇಲೆ ಅಕಾಲ ಮಳೆ ಬೀಳುತ್ತದೆ ಎಂದು ನಂಬಿಕೆ. ಹೊಸ ಕೊಡೆ ಇದ್ದವರು ಅದನ್ನು ತೋರಿಸಿಕೊಳ್ಳಲು, ಹಳೆಯದು ಇದ್ದವರು ಹಬ್ಬವಾದ್ದರಿಂದ, ಅಂತೂ ಎಲ್ಲರೂ ಬರುತ್ತಿದ್ದರು. ಬಂದವರಿಗೆಲ್ಲ ಬೈರನ ಮನೆಯವರೇ ಗೋದಿ ಹುಗ್ಗಿಯ ಊಟ ಹಾಕಬೇಕು. ದೇವರು ಯಾರ ಹೊಲದಲ್ಲಿ ಇದ್ದಾನೋ ಅವರದು ಊಟ, ಅದು ಅಜ್ಜನ ಕಾಲದಿಂದ ಬಂದ ಕಟ್ಟಳೆ. ಅದೇನು ಸಣ್ಣ ಊಟವಲ್ಲ. ಹುಗ್ಗಿ ಎಂದರೆ ಹೊಂಡದಕೊಪ್ಪದವರು ನೆಂಟರನ್ನೂ ಕರೆದುಕೊಂಡು ಬರುವವರು. ಬೈರ ಪ್ರತಿ ವರ್ಷ ಒಳಗೊಳಗೇ ನಿಟ್ಟುಸಿರು ಬಿಡುತ್ತಿದ್ದ. ದ್ಯಾವಮ್ಮ ಪ್ರತಿ ವರ್ಷ ಸೆರಗು ಸಿಕ್ಕಿಸಿಕೊಂಡು ಹಂಡೆಯ ಮುಂದೆ ರಾಣಿಯಂತೆ ನಿಲ್ಲುತ್ತಿದ್ದಳು.

ಆಷಾಢದಲ್ಲಿ ಮಳೆ ಬಿಟ್ಟು ಹೊಳವಾದ ಒಂದು ದಿನ ಅಕ್ಕೋರು ತರಗತಿಯನ್ನೇ ಹೊಲಕ್ಕೆ ಕರೆದೊಯ್ದರು. ದ್ಯಾವಮ್ಮ ಬೇಡವೆನ್ನಲಿಲ್ಲ, ಸಾಲೆಗೆ ಸಾಲೆಯೇ ತನ್ನ ದೇವರನ್ನು ನೋಡಲು ಬರುತ್ತದೆ ಎಂದರೆ ಯಾರಿಗೆ ಹೆಮ್ಮೆಯಿಲ್ಲ? ಬಿಸಿನೀರು ಕಾಸಿ ತಂದು ಕೊಟ್ಟಳು. ತನುಜಾ ಸೀಗೆಪುಡಿ ಹಾಕಿ ಉಜ್ಜಿದಳು. ಎಣ್ಣೆಯ ಹಕ್ಕಳೆ ಕಳಚಿದ ಹಾಗೆ ಕಮಂಡಲ ಕಂಡಿತು, ಜನಿವಾರ ಕಂಡಿತು, ಹೊಟ್ಟೆ ಮುಂದೆ ಮಾಡಿ ನಿಂತ ಗಿಡ್ಡ ವಾಮನ ಪೂರ್ತಿ ಎದ್ದು ಬಂದ. ಸುಬ್ಬಲಕ್ಷ್ಮಿ ಕೆಸರನ್ನೂ ನೋಡದೆ ಅವನೆದುರು ಮೊಣಕಾಲೂರಿ ಕೂತುಬಿಟ್ಟರು. ಆ ಸಂಭ್ರಮದಲ್ಲಿ ಅಪ್ಪನ ಅಂಗಡಿಯ ಪಾಠವೊಂದನ್ನು ಅವರು ಮರೆತರು: ಮೊದಲು ಗಿರಾಕಿಯ ಮುಖ ನೋಡು, ಆಮೇಲೆ ಬಾಯಿ ಬಿಡು.

“ನೋಡಿದ್ರಾ? ಇದು ದೇವರಲ್ಲ ಮಕ್ಕಳೇ, ಗಡಿಕಲ್ಲು” ಎಂದರು. “ದತ್ತಿ ಬಿಟ್ಟ ನೆಲ ಇಲ್ಲಿಗೆ ಮುಗೀತು ಅಂತ ಗುರುತು.”

“ಹಂಗಾದ್ರ ಈ ಕಲ್ಲಿನ ಆಚಿಗೆ ಬ್ಯಾರೇದವ್ರದು ಅನ್ರಿ?” ಎಂದ ಸಂಜಯ.

“ಶಾಭಾಸ್” ಎಂದರು ಅಕ್ಕೋರು. ಸಂಜಯನಿಗೆ ಅವರು ಕೊಟ್ಟ ಮೊದಲ ಶಾಭಾಸ್ ಅದು. ಇಲ್ಲಿ ಒಂದು ಮಾತು ಹೇಳಬೇಕು: ಸಂಜಯ ಶಂಕ್ರಪ್ಪನ ಮಗ, ಶಂಕ್ರಪ್ಪನ ಹೊಲ ಬೈರನ ಹೊಲಕ್ಕೆ ತಾಗಿದ್ದು, ನಡುವಿನ ಬದು ಕೊಡೆಪ್ಪನಿಂದ ಒಂದಿಷ್ಟು ಆಚೆ ಇತ್ತು. ಅಂದರೆ ಕಲ್ಲೇ ಗಡಿಯಾದರೆ ಕಲ್ಲಿಗೂ ಬದುವಿಗೂ ನಡುವಿನ ಪಟ್ಟಿ ಶಂಕ್ರಪ್ಪನದು. ಸಂಜಯ ಜನ್ಮದಲ್ಲಿ ಮೊದಲ ಬಾರಿಗೆ ಇತಿಹಾಸದ ಪಾಠವನ್ನು ಮನೆಯಲ್ಲಿ ಒಪ್ಪಿಸಿದ.

ಬೇರೆ ಊರಾಗಿದ್ದರೆ ‘ನಮ್ಮ ದೇವರನ್ನು ಕಲ್ಲು ಎಂದಳು’ ಎಂದು ಜಗಳ ಏಳುತ್ತಿತ್ತು. ಹೆಡ್‌ಮಾಸ್ತರರು ಹೆದರಿದ್ದೂ ಅದಕ್ಕೇ. ಹೊಂಡದಕೊಪ್ಪದವರು ‘ದೇವರಲ್ಲ’ ಎಂಬುದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರಿಗೆ ಕೇಳಿಸಿದ್ದು ‘ಗಡಿ’ ಮಾತ್ರ. ವಾರದೊಳಗೆ ಊರಿನ ಯಾವ ಕಲ್ಲೂ ನೆಮ್ಮದಿಯಿಂದ ಇರಲಿಲ್ಲ. ಚೌಡಿಯ ಕಲ್ಲು, ನಾಗರ ಕಲ್ಲು, ಎಮ್ಮೆ ಮೈ ತಿಕ್ಕುವ ಕಲ್ಲು, ಎಲ್ಲವನ್ನೂ ಯಾರಾದರೊಬ್ಬರು ತೊಳೆದು ನೋಡುತ್ತಿದ್ದರು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ರೈತರು ಸಾಲುಗಟ್ಟಿ, ನಮ್ಮ ಹೊಲಕ್ಕೊಮ್ಮೆ ಬಂದು ಹೋಗಿ ಅಕ್ಕೋರ ಎಂದು ಕರೆಯತೊಡಗಿದರು. ಹೊಲದ ಲೆಕ್ಕ ಇಡುವ ತಲಾಟಿಗೂ ಆ ಮರ್ಯಾದೆ ಸಿಕ್ಕಿರಲಿಲ್ಲ.

ಶಂಕ್ರಪ್ಪ ನೇರ ಸ್ಟಾಫ್ ರೂಮಿಗೇ ಬಂದ. ಟೋಪಿ ತೆಗೆದು ನಮಸ್ಕಾರ ಮಾಡಿ, “ಅಕ್ಕೋರ, ಪಾಠದಾಗ ಹೇಳಿದ್ದನ್ನ ಒಂದು ಹಾಳಿ ಮ್ಯಾಲೆ ಬರದು ಸಹಿ ಮಾಡಿ ಕೊಡ್ರಿ. ಸರ್ವೇದವ್ರಿಗೆ ತೋರಸ್ತೇನಿ” ಎಂದ. ಬರೆದು ಕೊಡಲು ಬರುವುದಿಲ್ಲ, ಅದು ಅರಸರ ಕಾಲದ ಮಾತು ಎಂದು ಅವರು ಹೇಳಿದರೆ, ಅರಸರ ಕಾಲದ್ದಾದರೆ ಇನ್ನೂ ಗಟ್ಟಿ ಎಂದು ಅವನು ಖುಷಿಪಟ್ಟ. ಮರುದಿನವೇ ಬೈರನ ಪಟ್ಟಿಯಲ್ಲಿ ಎರಡು ಗೂಟ ಹುಗಿದ. ಬೈರ ಕಿತ್ತು ಒಗೆದ. ಇಬ್ಬರೂ ಒಂದೇ ಬಾವಿಯ ನೀರು ಕುಡಿದು ಬೆಳೆದವರು, ಈಗ ಒಂದೇ ಬಸ್ಸಿನಲ್ಲಿ ಕೂರದಂತಾದರು.

ಆ ಸೋಮವಾರ ತನುಜಾ ಶಾಲೆಗೆ ಬರಲಿಲ್ಲ. ನಾಟಿ ಇರಬೇಕೆಂದು ಅಕ್ಕೋರು ತಿಳಿದರು. ನಾಟಿ ಮುಗಿಯಿತು, ಚೌತಿ ಮುಗಿಯಿತು, ಮುಂದಿನ ಬೆಂಚು ಖಾಲಿಯೇ ಇತ್ತು. ಕೇಳಲು ಮನೆಗೆ ಹೋದರೆ ದ್ಯಾವಮ್ಮ ಚಾಪೆ ಹಾಸಿ, ಬೆಲ್ಲದ ಚಹಾ ಕೊಟ್ಟು, ಮಳೆಬೆಳೆಯನ್ನೆಲ್ಲ ಮಾತಾಡಿ, ಕೊನೆಗೆ ಹೇಳಿದಳು: “ಹುಡುಗಿ ಅಕ್ಷರ ಕಲೀಲಿ ಅಂತ ಸಾಲಿಗೆ ಹಾಕಿದ್ವಿ ಯವ್ವಾ. ನೀವು ಹೊಲ ಅಳಿಯಾಕ ಕಲಿಸಿದ್ರಿ. ಇನ್ನೊಂದು ಪಾಠ ಕಲಿತ್ರ ನಮಗ ಮನೀನೂ ಉಳಿಯಂಗಿಲ್ಲ.”

ಒಳಗಿನ ಬಾಗಿಲ ಸಂದಿಯಲ್ಲಿ ತನುಜಾಳ ಲಂಗದ ಅಂಚು ಕಂಡಿತು, ಹುಡುಗಿ ಹೊರಗೆ ಬರಲಿಲ್ಲ. ಬೈರ ಮಗಳ ಪರವಾಗಿ ಒಮ್ಮೆ ಕೆಮ್ಮಿದ, ತಾಯಿ ನೋಡಿದ ಕೂಡಲೇ ಎದ್ದು ಎತ್ತಿಗೆ ಹುಲ್ಲು ಹಾಕಲು ಹೋದ.

ಎರಡನೆಯ ಬಾರಿ ಹೋದಾಗಲೂ ಚಹಾ ಸಿಕ್ಕಿತು, ಹುಡುಗಿ ಸಿಗಲಿಲ್ಲ. ಕಾರ್ತೀಕದ ಹೊತ್ತಿಗೆ ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ತುಂಬಬೇಕು. ಅಷ್ಟರಲ್ಲಿ ಬಾರದಿದ್ದರೆ ತನುಜಾಳ ವರ್ಷ ಹೋಯಿತು; ಆ ಮನೆಯಲ್ಲಿ ಹೋದ ವರ್ಷ ಮತ್ತೆ ಬರುವಂಥದ್ದಲ್ಲ ಎಂಬುದು ಅಕ್ಕೋರಿಗೆ ಗೊತ್ತಿತ್ತು. ಹೆಡ್‌ಮಾಸ್ತರರು ಸುಲಭದ ದಾರಿ ತೋರಿಸಿದರು: ತಪ್ಪಾಯಿತು, ಅದು ಗಡಿಕಲ್ಲಲ್ಲ ಎಂದು ಊರೆದುರು ಹೇಳಿಬಿಡಿ, ಎಲ್ಲ ತಣ್ಣಗಾಗುತ್ತದೆ.

ರಾತ್ರಿ ಊಟದ ತಟ್ಟೆಯ ಮುಂದೆ ಸುಬ್ಬಲಕ್ಷ್ಮಿ ಇದನ್ನೆಲ್ಲ ಗಂಡನೆದುರು ತೋಡಿಕೊಂಡಳು. ವೆಂಕಟ್ರಮಣ ಮಂಡಿಯಲ್ಲಿ ದಿನವಿಡೀ ಅಡಿಕೆ ಬೆಳೆದವರ, ಕೊಳ್ಳುವವರ ನಡುವೆ ನಿಂತು ಪಳಗಿದವನು; ನಗುವಾಗಲೂ ಮುಖ ಬದಲಾಗದ ಮನುಷ್ಯ.

“ದೇವ್ರು ಅಂದ್ರೆ ಜನ ಕೈ ಮುಗೀತ, ಗಡಿ ಅಂದ್ರೆ ಕೋರ್ಟಿಗೆ ಹೋಗ್ತ” ಎಂದ. “ನೀ ಎರಡನ್ನೂ ಒಂದೇ ಉಸಿರಲ್ಲಿ ಹೇಳಿದೆ. ಮತ್ತೆಂತ ಆಗ್ತು?”

“ಆನು ಸುಳ್ಳು ಹೇಳಿದ್ದಲ್ಲ” ಎಂದಳು ಅವಳು. “ಈಗ ಗಡಿಕಲ್ಲಲ್ಲ ಅಂದ್ರೆ, ಆ ಹುಡುಗಿ ಎಂತ ಕಲ್ತಂಗಾತು? ಗಲಾಟೆ ಆದ್ರೆ ಇತಿಹಾಸ ತಿದ್ದಲಕ್ಕು ಅಂತ ಕಲ್ತಂಗಾತು.”

ವೆಂಕಟ್ರಮಣ ಮಜ್ಜಿಗೆ ಬಡಿಸಿಕೊಂಡ. ಮಾಲು ಬೇಕು ಎನ್ನುವವನ ಜೊತೆ ಮಾಲಿನ ಬಗ್ಗೆ ವಾದ ಮಾಡಿ ಏನೂ ಪ್ರಯೋಜನವಿಲ್ಲ, ಅದರ ಜೊತೆ ಬರುವ ಸಾಗಾಟ ಯಾರದು ಎಂದು ಕೇಳಬೇಕು, ಅರ್ಧ ಜನ ಅಲ್ಲಿಗೇ ಎದ್ದು ಹೋಗುತ್ತಾರೆ ಎಂದು ತನ್ನ ಮಂಡಿಯ ಯಾವುದೋ ಕಥೆ ಶುರುಮಾಡಿದ. ಸುಬ್ಬಲಕ್ಷ್ಮಿ ಅರ್ಧ ಕೇಳಿದಳು. ಉಳಿದರ್ಧ ಹೊತ್ತು ಅವಳ ತಲೆ ಬೇರೆಲ್ಲೋ ಓಡುತ್ತಿತ್ತು. ತುತ್ತು ಕೈಯಲ್ಲೇ ಒಣಗಿತು.

ಕೊಡೆ ಮಡಚುವ ಹಬ್ಬಕ್ಕೆ ಅಕ್ಕೋರು ಶಿರಸಿಯಿಂದ ಒಂದು ಕೊಡೆ ಹಿಡಿದು ಹೋದರು. ಬಿರುಬಿಸಿಲಲ್ಲಿ ಊರಿಗೂರೇ ಕೊಡೆ ಹಿಡಿದು ಹೊಲದ ಕಡೆ ನಡೆದಿತ್ತು. ಬೈರನ ಮನೆಯ ಹಿಂದೆ ಹುಗ್ಗಿಯ ಹಂಡೆ ಕುದಿಯುತ್ತಿತ್ತು, ತುಪ್ಪದ ವಾಸನೆ ಬದು ದಾಟಿ ಶಂಕ್ರಪ್ಪನ ಹೊಲಕ್ಕೂ ಹರಡಿತ್ತು. ಪೂಜೆ ಆಯಿತು. ಒಬ್ಬೊಬ್ಬರಾಗಿ ಬಂದು ಕೊಡೆ ಬಿಚ್ಚಿದರು, ಮಡಚಿದರು. ಶಂಕ್ರಪ್ಪನ ಸರದಿ ಬಂತು. ಅವನು ಕೊಡೆ ಬಿಚ್ಚಿದವನು ಮಡಚಲಿಲ್ಲ. ಬಿಚ್ಚಿದ ಕೊಡೆಯ ಕೆಳಗೇ ನಿಂತು, ಇಂದು ಹಿರಿಯರೆಲ್ಲ ಇದ್ದೀರಿ, ಅಕ್ಕೋರೂ ಬಂದಿದ್ದಾರೆ, ಮಾತು ಇಲ್ಲೇ ತೀರಲಿ ಎಂದ.

ಹಿರಿಯರು ಅಕ್ಕೋರ ಕಡೆ ತಿರುಗಿದರು. ದ್ಯಾವಮ್ಮ ಹುಗ್ಗಿ ತಿರುವುವ ಸಟ್ಟುಗ ಕೈಯಲ್ಲಿ ಹಿಡಿದೇ ಬಂದಳು. ಅವಳ ಹಿಂದೆ ತನುಜಾ ಇದ್ದಳು. ಚೌತಿಗೆ ಮೊದಲಿನಿಂದ ನೋಡಿರದ ಹುಡುಗಿ ತುಸು ಎತ್ತರವಾಗಿದ್ದಳು. ಅಕ್ಕೋರ ಬಾಯಿಂದ ಏನು ಬರುತ್ತದೋ ಎಂದು ನೆಟ್ಟ ನೋಟದಿಂದ ಕಾಯುತ್ತಿದ್ದಳು. ಹಿರಿಯರಿಗೆ ಉತ್ತರ ಕೊಡಲು ಸುಬ್ಬಲಕ್ಷ್ಮಿಗೆ ಅಂಜಿಕೆಯಿರಲಿಲ್ಲ. ಅಂಜಿಕೆ ಇದ್ದದ್ದು ಆ ಎರಡು ಕಣ್ಣಿಗೆ ಉತ್ತರ ಕೊಡಲು.

ಗಡಿಕಲ್ಲು ಹೌದು ಎಂದರು ಅಕ್ಕೋರು.

ಜನ ಗುಜುಗುಜು ಎಂದಿತು. ಶಂಕ್ರಪ್ಪನ ಮುಖ ಅರಳಿತು. ಅಕ್ಕೋರು ತರಗತಿಯಲ್ಲಿ ಹೇಳುವಂತೆಯೇ ಮುಂದುವರಿಸಿದರು. ಯಾವನೋ ಅರಸನೋ ಪಾಳೆಗಾರನೋ ಈ ನೆಲವನ್ನು ಯಾರಿಗೋ ಬಿಟ್ಟ. ಗುರುತಿಗೆ ಕಲ್ಲು ನೆಡಬೇಕು. ಬರೀ ಕಲ್ಲು ನೆಟ್ಟರೆ ಬೆಳಗಾಗುವುದರೊಳಗೆ ಅದು ನಾಲ್ಕು ಮಾರು ಆಚೆ ನಡೆದಿರುತ್ತದೆ, ಕಲ್ಲಿಗೆ ಕಾಲು ಬರಿಸುವ ವಿದ್ಯೆ ನಿಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು, ಕೆಲವರು ನೆಲ ನೋಡಿದರು. ಕಾಯಲು ಆಳು ಇಡೋಣವೆಂದರೆ ಅರಸನ ಆಳು ಮಧ್ಯಾಹ್ನ ಊಟಕ್ಕೆ ಹೋಗುತ್ತಾನೆ. ಅದಕ್ಕೇ ಕಲ್ಲಿನ ಮೇಲೆ ದೇವರನ್ನು ಕೆತ್ತಿಸಿದ. ಆ ದೇವರ ಭಯ ಇದ್ದಲ್ಲೆಲ್ಲ ಅರಸನ ಮಾತು ನಡೆಯಿತು. ಅರಸ ದೇವರನ್ನು ಕಾದನೋ ದೇವರು ಅರಸನನ್ನು ಕಾದನೋ, ಅದನ್ನು ನೀವೇ ಯೋಚಿಸಿ ಎಂದರು. ಊರೆಲ್ಲ ಬಿಸಿಲಲ್ಲಿ ನಿಂತು ಹತ್ತನೆಯ ತರಗತಿಯ ಪಾಠ ಕೇಳಿತು.

“ಅದೆಲ್ಲ ಸರಿ ಅಕ್ಕೋರ” ಎಂದ ಶಂಕ್ರಪ್ಪ. “ಗಡಿ ಅಂದ್ರ ಗಡಿ. ನೀವ ಹೇಳಿದ್ರಲ್ಲ?”

“ಹೇಳಿದೆ. ನಿಮ್ಮೂರಾಗ ಎರಡು ಹೊಲದ ನಡುವಿನ ಬದು ಯಾರ್ದು?”

“ಇಬ್ಬರ್ದೂ.” ಒಬ್ಬನಲ್ಲ, ನಾಲ್ಕಾರು ಜನ ಒಟ್ಟಿಗೆ ಹೇಳಿದರು. ಬದು ಕಿತ್ತುಹೋದರೆ ಇಬ್ಬರೂ ಸೇರಿ ಕಟ್ಟಬೇಕು, ಅದು ಮಗುವಿಗೂ ಗೊತ್ತಿರುವ ಕಟ್ಟಳೆ.

“ಹಂಗಾದ್ರ ಕಲ್ಲು ಗಡಿ ಮ್ಯಾಲೈತಿ ಅಂದ ಮ್ಯಾಲೆ ಕೊಡೆಪ್ಪನೂ ಇಬ್ಬರವ್ನ. ಅರ್ಧ ಬೈರಪ್ಪನವ, ಅರ್ಧ ಶಂಕ್ರಪ್ಪನವ. ಈ ವರ್ಷದ ಹುಗ್ಗಿ ಬೈರಪ್ಪಂದು ಆತು. ಬರೋ ವರ್ಷದ್ದು ಶಂಕ್ರಪ್ಪಂದು. ಹೌದಲ್ಲೋ?”

ಎಲ್ಲರ ತಲೆಯೂ ಶಂಕ್ರಪ್ಪನ ಕಡೆ ವಾಲಿತು. ಶಂಕ್ರಪ್ಪ ಕೆಟ್ಟವನಲ್ಲ, ಆದರೆ ಅವನ ಮನೆಯ ಚಹಾಕ್ಕೆ ಸಕ್ಕರೆ ಹಾಕುವುದನ್ನು ಕಣ್ಣಾರೆ ಕಂಡವರು ಊರಲ್ಲಿ ಇರಲಿಲ್ಲ. ಅವನು ಮೊದಲು ಜನರನ್ನು ನೋಡಿದ. ಹಂಡೆಯನ್ನು ನೋಡಿದ. ಹಂಡೆಯ ಸುತ್ತ ಆಗಲೇ ಎಲೆ ಹಿಡಿದು ಕುಳಿತಿದ್ದ ಹಾನಗಲ್ಲಿನ ನೆಂಟರ ಸಾಲನ್ನು ನೋಡಿದ. ಕೊನೆಗೆ ತಾನು ಆಸೆಪಟ್ಟ ಪಟ್ಟಿಯನ್ನು ನೋಡಿದ; ಅದು ಬಿಸಿಲಲ್ಲಿ ಬಹಳ ಸಣ್ಣದಾಗಿ ಕಂಡಿರಬೇಕು.

ಅಷ್ಟರಲ್ಲಿ ಅನಿರೀಕ್ಷಿತವಾಗಿ ಸಿಡಿದವಳು ದ್ಯಾವಮ್ಮ. ಅವಳ ಸಟ್ಟುಗ ಅಕ್ಕೋರ ಮೂಗಿನವರೆಗೂ ಬಂತು. “ನಮ್ಮ ದೇವರನ್ನ ಅರ್ಧ ಮಾಡ್ತೀಯೇನವಾ? ಇವ ಹುಗ್ಗಿ ಮಾಡಿದ್ರ ಊರು ಉಪವಾಸ ಮಲಗ್ತೈತಿ.”

ಜನ ಹೋ ಎಂದು ನಕ್ಕಿತು. ಅಕ್ಕೋರು ನಗಲಿಲ್ಲ. ಗಡಿ ಬೇಡವೆಂದರೆ ಶಂಕ್ರಪ್ಪ ಬಿಡಬೇಕು, ನಾನೇನು ಮಾಡಲಿ ಎಂದು ಕೈ ಚೆಲ್ಲಿ ನಿಂತರು.

ಶಂಕ್ರಪ್ಪ ಗಂಟಲು ಸರಿಮಾಡಿಕೊಂಡ. “ಅಕ್ಕೋರ, ಅದು ಆ ಅರಸನ ಕಾಲದ ಗಡಿ ಅಲ್ಲೇನ್ರಿ?”

“ಹೌದು.”

“ಅರಸ ಹೋದ. ದತ್ತಿ ತಗೊಂಡವ್ರೂ ಹೋದ್ರು. ಅಂದ ಮ್ಯಾಲೆ ಆ ಗಡೀನೂ ಅವ್ರ ಸಂಗಾಟನ ಹೋತು. ಈಗ ಇಂವ ಬರೇ ದೇವರು. ಬೈರನ ಹೊಲದಾಗಿನ ದೇವರು.”

“ಶಾಭಾಸ್” ಎಂದರು ಅಕ್ಕೋರು. ಆ ಮನೆಗೆ ಅದು ಎರಡನೆಯ ಶಾಭಾಸ್. ಈ ಉತ್ತರವನ್ನು ತಮ್ಮ ಹುಡುಗರ ಬಾಯಿಂದ ತೆಗೆಯಲು ವರ್ಷಗಟ್ಟಲೆ ಒದ್ದಾಡಿದವರು ಅವರು. ಹುಗ್ಗಿಯ ಹಂಡೆ ಅದನ್ನು ಒಂದು ನಿಮಿಷದಲ್ಲಿ ತೆಗೆಸಿತ್ತು. ಶಂಕ್ರಪ್ಪ ಕೊಡೆ ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಊಟದ ಸಾಲಿನಲ್ಲಿ ಹೋಗಿ ಕೂತ. ಬೈರನೇ ಅವನ ಎಲೆಗೆ ಬಡಿಸಿದ. ತುಪ್ಪ ಹಾಕುವಾಗ ಕೈ ತುಸು ಬಿಗಿಹಿಡಿದನಂತೆ, ಅದಕ್ಕೆ ಶಂಕ್ರಪ್ಪ ಎಲೆಯನ್ನೇ ಮುಂದೆ ತಳ್ಳಿದನಂತೆ.

ಊಟವಾದ ಮೇಲೆ ದ್ಯಾವಮ್ಮ ಅಕ್ಕೋರನ್ನು ಹಿತ್ತಲಿಗೆ ಕರೆದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡಳು. ಆಮೇಲೆ, ಅಂದು ಹೊಲದಲ್ಲಿ ದೇವರಲ್ಲ ಎಂದು ಹೇಳಿದ್ದು ನಿನ್ನ ತಪ್ಪು ಎಂದಳು. ಹೌದು, ತಪ್ಪೇ ಎಂದರು ಅಕ್ಕೋರು. ಮೊದಲು ಗಡಿಕಲ್ಲಾಗಿದ್ದ, ಆಮೇಲೆ ದೇವರಾದ ಎಂದು ಹೇಳಬೇಕಿತ್ತು. ತಾನು ಅರ್ಧ ಪಾಠ ಹೇಳಿ ಬೆನ್ನು ತಟ್ಟಿಕೊಂಡುಬಿಟ್ಟಿದ್ದೆ. ದ್ಯಾವಮ್ಮ ಅದನ್ನು ಬಾಯಲ್ಲಿ ಹಾಕಿಕೊಂಡು ಅಗಿದಂತೆ ಯೋಚಿಸಿದಳು. ಅವಳಿಗೆ ಆ ಮಾತು ಪೂರ್ತಿ ಹಿಡಿಸಲಿಲ್ಲ, ಪೂರ್ತಿ ಬೇಡವೂ ಆಗಲಿಲ್ಲ.

“ಮೊದ್ಲಿಂದ್ಲೂ ದೇವರ ಅವ” ಎಂದಳು. “ಅರಸಗ ಗೊತ್ತಿದ್ದಿಲ್ಲ, ಕಾವಲಿಗೆ ನಿಲ್ಲಿಸಿದ, ಅಷ್ಟ.”

ಈ ಮಾತು ಅಕ್ಕೋರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಸೋಮವಾರ ಎರಡನೆಯ ಪಿರಿಯಡ್ಡಿಗೆ ತನುಜಾ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ದ್ಯಾವಮ್ಮ, ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ. ಅರ್ಜಿಗೆ ಹೆಬ್ಬೆಟ್ಟು ಒತ್ತಲು ಬೈರನಿಗೆ ಬಿಡುವಿಲ್ಲ, ತಾನೇ ಬಂದೆ ಎಂದಳು. ಒತ್ತಿದಳು. ಒತ್ತಿದ ಮೇಲೆ ಹೋಗಲಿಲ್ಲ. ಹೆಡ್‌ಮಾಸ್ತರರು ಕುರ್ಚಿ ತರಿಸಿದರೂ ಬೇಡವೆಂದು ಹಿಂದಿನ ಬೆಂಚಿನಲ್ಲಿ ಹುಡುಗರನ್ನು ಒತ್ತರಿಸಿ ಕೂತಳು. ಸಂಜಯ ಪಕ್ಕಕ್ಕೆ ಸರಿದು, ಆಯಿ, ನೀವು ನಮ್ಮ ಕಡೆ ಸೇನಾಪತಿಯಾಗುತ್ತೀರಾ ಎಂದು ಕೇಳಿ ತಲೆಗೊಂದು ಮೊಟಕು ತಿಂದ.

ಅಕ್ಕೋರು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಅರಸ ಗಡಿಕಲ್ಲಿನ ಮೇಲೆ ದೇವರನ್ನು ಯಾಕೆ ಕೆತ್ತಿಸಿದ ಎಂದು ತನುಜಾಳನ್ನೇ ಕೇಳಿದರು. ಹುಡುಗಿ ಎದ್ದು ನಿಂತು, ಮೊದಲು ಅಜ್ಜಿಯ ಕಡೆ ನೋಡಿದಳು, ಆಮೇಲೆ ಅಕ್ಕೋರ ಕಡೆ.

“ಅರಸನ ಮಾತು ಅವ ಇರೂತನಕ ಅಷ್ಟ ನಡೀತೈತ್ರಿ. ದೇವರದು ಅವ ಹೋದ ಮ್ಯಾಲೂ ನಡೀತೈತಿ ಅಂತ ಅವಂಗ ಗೊತ್ತಿತ್ರಿ. ಆದ್ರ ಯಾರ ಸಲುವಾಗಿ ನಡೀತೈತಿ ಅನ್ನೂದು ಅವನ ಕೈಯಾಗ ಉಳಿಲಿಲ್ಲ.”

ಸುಬ್ಬಲಕ್ಷ್ಮಿ ಅಕ್ಕೋರು ಆಮೇಲೆ ದಾಸನಕೊಪ್ಪ, ಸಿದ್ದಾಪುರ ಎಂದು ವರ್ಗವಾಗುತ್ತ ಎರಡು ಸಾವಿರದ ಎಂಟರವರೆಗೂ ಪಾಠ ಮಾಡಿದರು. ಸೋಂದಾದ ಮಠಗಳಿಗೆ, ಬನವಾಸಿಗೆ ಎಷ್ಟೋ ತಂಡಗಳನ್ನು ಕರೆದೊಯ್ದರು, ಯಾವ ಕಲ್ಲಿನೆದುರು ನಿಂತರೂ ಮೊದಲು ಹೊಲದ ಒಡೆಯರು ಯಾರೆಂದು ಕೇಳಿಯೇ ಬಾಯಿ ತೆರೆಯುತ್ತಿದ್ದರು. ಅಂಥ ಉತ್ತರ ಮಾತ್ರ ಮತ್ತೊಮ್ಮೆ ಸಿಗಲಿಲ್ಲ ಎನ್ನುತ್ತಿದ್ದರು. ತನುಜಾ ಪರೀಕ್ಷೆಯಲ್ಲಿ ಆ ಉತ್ತರ ಬರೆಯಲಿಲ್ಲ; ಪುಸ್ತಕದ ಸಾಲನ್ನೇ ಬರೆದು ಪಾಸಾದಳು. ಜಾಣೆ.

ಅಂದು ಗಂಟೆ ಬಾರಿಸಿದಾಗ ದ್ಯಾವಮ್ಮ ಹಿಂದಿನ ಬೆಂಚಿನಿಂದ ಎದ್ದು, ಸೀರೆಯ ಧೂಳು ಕೊಡವಿಕೊಂಡು, ಬಾಗಿಲಲ್ಲಿ ನಿಂತು ಕೇಳಿದಳು:

“ಮುಂದಿನ ಪಾಠ ಯಾವ ದೇವರದವಾ?”

“ದೇವರದಲ್ಲ ದ್ಯಾವಮ್ಮ. ಬ್ರಿಟಿಷರದು. ಅವರು ವ್ಯಾಪಾರಕ್ಕೆ ಬಂದಿದ್ದು.”

“ವ್ಯಾಪಾರಕ್ಕ?” ದ್ಯಾವಮ್ಮ ಮೊಮ್ಮಗಳ ಕಡೆ ತಿರುಗಿದಳು. “ಹಂಗಾದ್ರ ನೀ ಒಬ್ಬಾಕಿನ ಬಾ. ಅದ್ರಾಗ ನಮ್ಮ ಹೊಲ ಇರಂಗಿಲ್ಲ.”